ವಂಶಚರಿತ್ರೆಯಲ್ಲಿ ಫ್ರೆಂಚ್ ಸೈನಿಕ: ಬಳ್ಳಾರಿ ಸೀಮೆಯ ಐತಿಹ್ಯಗಳನ್ನು ಪರಿಶೀಲಿಸುವ ಕ್ರಮ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ರೈಲುಮಾರ್ಗದಲ್ಲಿ ಗಾದಿಗನೂರು ಒಂದು ಚಿಕ್ಕ ನಿಲ್ದಾಣ. ಅದರ ದಕ್ಷಿಣಕ್ಕೆ ಸೊಂಡೂರಿನ ಬೆಟ್ಟಗಳ ಸಾಲು, ವಾಯವ್ಯಕ್ಕೆ ಹಂಪೆ, ಉತ್ತರಕ್ಕೆ ತುಂಗಭದ್ರೆಯ ದಡದ ಕಂಪ್ಲಿ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸುತ್ತಣ ಸೀಮೆಯು ಆದವಾನಿಯ ಬಸಾಲತ್ ಜಂಗ್, ಗುತ್ತಿಯ ಮುರಾರಿರಾವ್ ಘೋರ್ಪಡೆ, ಮೈಸೂರಿನ ಹೈದರಾಲಿ, ಪುಣೆಯ ಪೇಶ್ವೆಗಳು ಇವರೆಲ್ಲರ ಆಸೆಗಳು ಪರಸ್ಪರ ಘರ್ಷಿಸಿದ ನೆಲವಾಗಿದ್ದಿತು. ಇವರ ದಂಡುಗಳಲ್ಲಿ ಕೆಲವಕ್ಕೆ ಫ್ರೆಂಚ್ ನಾಯಕರಿದ್ದರು. ಆದುದರಿಂದ, "ನಮ್ಮ ಮೂಲಪುರುಷನು ಫ್ರೆಂಚರ ಸಿಪಾಯಿ" ಎಂಬ ಹೇಳಿಕೆ ಈ ಸೀಮೆಯ ಯಾವುದೇ ಮನೆಯಲ್ಲಿ ಕೇಳಿಬಂದರೆ ಅದನ್ನು ಕೇವಲ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಕೇಳಿದೊಡನೆ ನಂಬುವಂತೆಯೂ ಇಲ್ಲ.

ಪ್ರಕೃತ ಲೇಖನದಲ್ಲಿ ಇಂತಹ ಐತಿಹ್ಯವನ್ನು ಪರಿಶೀಲಿಸುವ ಕ್ರಮವೇನೆಂಬುದನ್ನು ವಿವರಿಸಲು ಯತ್ನಿಸುತ್ತೇವೆ. ನಮ್ಮ ಪ್ರತಿಪಾದನೆ ಇಷ್ಟು: ಫ್ರೆಂಚರ ಕಾಗದಪತ್ರಗಳಲ್ಲಿ ಒಂದು ಹೆಸರನ್ನು ಹುಡುಕಿ ತೆಗೆಯುವುದರಿಂದ ವಂಶ ಸಿದ್ಧವಾಗುವುದಿಲ್ಲ. ಅಲ್ಲಿಯ ಕಾಗದ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದಲೇ ಇಲ್ಲಿಯ ಮನೆಯ ಕಥೆ ಪ್ರಾರಂಭವಾಗುತ್ತದೆ. ಈ ಎರಡು ತುದಿಗಳನ್ನು ಕೂಡಿಸುವ ಸಾಕ್ಷ್ಯವು ಬಹುಮಟ್ಟಿಗೆ ನಮ್ಮ ನೆಲದಲ್ಲಿಯೇ ಇದೆ.

೧. ಫ್ರೆಂಚರು ಬಂದ ಕಾಲಗಳು

ಐತಿಹ್ಯಕ್ಕೆ ಮೊದಲು ಬೇಕಾದುದು ಕಾಲದ ಚೌಕಟ್ಟು. ೧೭೫೧ರಲ್ಲಿ ಬುಸ್ಸಿಯು ಪುದುಚೇರಿಯಿಂದ ಹೊರಟು ದಖ್ಖಣವನ್ನು ಪ್ರವೇಶಿಸಿದನು. ನಿಜಾಮನ ಪೀಠದಲ್ಲಿದ್ದ ಸಲಾಬತ್ ಜಂಗನ ಬೆಂಬಲಕ್ಕೆ ನಿಂತು ೧೭೫೮ರವರೆಗೆ ಅಲ್ಲಿಯೇ ಉಳಿದನು. ಅವನ ತುಕಡಿ ೧೭೫೫ರಲ್ಲಿ ಕಪ್ಪಕಾಣಿಕೆಯ ವಸೂಲಿಗೆಂದು ಶ್ರೀರಂಗಪಟ್ಟಣದವರೆಗೂ, ೧೭೫೬ರಲ್ಲಿ ಮುತ್ತಿಗೆಗೆಂದು ಸವಣೂರಿಗೂ ಬಂದಿತ್ತು. ಇದು ಮೊದಲನೆಯ ಘಟ್ಟ.

೧೭೬೧ರ ಜನವರಿಯಲ್ಲಿ ಪುದುಚೇರಿ ಇಂಗ್ಲಿಷರ ವಶವಾಯಿತು. ಒಡೆಯರನ್ನು ಕಳೆದುಕೊಂಡ ಫ್ರೆಂಚ್ ಸೈನಿಕರಲ್ಲಿ ಕೆಲವರು ದೇಶೀಯ ಅರಸರ ಆಶ್ರಯವನ್ನು ಅರಸಿ ಹೊರಟರು. ಹೈದರಾಲಿಯ ಸೇನೆಯನ್ನು ಸೇರಿದವರೂ ಉಂಟು. ಅವನ ಫಿರಂಗಿದಳದಲ್ಲಿ ಅಧಿಕಾರಿಯಾಗಿದ್ದ ಮೇತ್ರ್ ದ ಲ ತೂರ್ ಎಂಬಾತನು ಹೈದರಾಲಿಯ ಚರಿತ್ರೆಯನ್ನು ಬರೆದು ೧೭೮೩ರಲ್ಲಿ ಪ್ರಕಟಿಸಿದನು. ಇದು ಎರಡನೆಯ ಘಟ್ಟ.

ಮೂರನೆಯ ಘಟ್ಟ ನಮ್ಮ ಸೀಮೆಗೆ ಅತ್ಯಂತ ಹತ್ತಿರದ್ದು. ಆದವಾನಿಯಲ್ಲಿ ಆಳುತ್ತಿದ್ದ ನಿಜಾಮನ ಸಹೋದರ ಬಸಾಲತ್ ಜಂಗನ ಬಳಿ ಲಾಲಿ ಎಂಬ ಫ್ರೆಂಚ್ ನಾಯಕನ ಪಡೆಯಿದ್ದಿತು. ಬಳ್ಳಾರಿಯ ಪಾಳೆಯಗಾರನು ಕಪ್ಪವನ್ನು ತಡೆದುದರಿಂದ ಈ ಪಡೆ ಬಳ್ಳಾರಿಯ ಕೋಟೆಗೆ ಮುತ್ತಿಗೆ ಹಾಕಿತು. ಪಾಳೆಯಗಾರನು ಹೈದರನ ನೆರವನ್ನು ಬೇಡಿದನು. ಹೈದರನು ೧೭೭೫ರಲ್ಲಿ ಅತಿವೇಗದಿಂದ ಬಂದು ಮುತ್ತಿಗೆಕಾರರನ್ನು ಚದರಿಸಿ, ಕರೆದವನಿಗೂ ಬಿಡದೆ ಕೋಟೆಯನ್ನು ತಾನೇ ಇಟ್ಟುಕೊಂಡನು. ಈ ಘಟನೆಗೆ ೧೭೬೯ ಎಂಬ ವರ್ಷವನ್ನು ಕೊಡುವ ಬರಹಗಳೂ ಇವೆ. ಆದರೆ ಬಳ್ಳಾರಿಯಿಂದ ಮುಂದುವರಿದು ಹೈದರನು ಗುತ್ತಿಯನ್ನು ಹಿಡಿದುದು ೧೭೭೬ರಲ್ಲಾದುದರಿಂದ ೧೭೭೫ ಎಂಬುದೇ ಹೊಂದುತ್ತದೆ. ಕೆಲವು ವರ್ಷಗಳ ಮೇಲೆ ಲಾಲಿಯೂ ಅವನ ಪಡೆಯೂ ಹೈದರನ ಸೇವೆಗೇ ಸೇರಿದರು. ೧೭೮೦ರ ಸೆಪ್ಟೆಂಬರಿನ ಪೊಳ್ಳಿಲೂರು ಯುದ್ಧದಲ್ಲಿ ಅವರು ಮೈಸೂರಿನ ಪಕ್ಷದಲ್ಲಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲಿನ ಚಿತ್ರದಲ್ಲಿ ಆ ಯುದ್ಧವನ್ನು ಇಂದಿಗೂ ನೋಡಬಹುದು.

ನಾಲ್ಕನೆಯದು ಟಿಪ್ಪುವಿನ ಕಾಲ. ೧೭೮೩ರಲ್ಲಿ ಮಂಗಳೂರಿನ ಮುತ್ತಿಗೆಯಲ್ಲಿದ್ದ ಕೊಸಿನ್ಯಿಯ ಫ್ರೆಂಚ್ ತುಕಡಿಯು ಯೂರೋಪಿನಲ್ಲಿ ಶಾಂತಿಯಾದ ಸುದ್ದಿ ಬಂದೊಡನೆ ಹಿಂದೆ ಸರಿಯಿತು. ೧೭೯೮ರ ಏಪ್ರಿಲಿನಲ್ಲಿ ಇಂದಿನ ಮಾರಿಷಸ್ ದ್ವೀಪದಿಂದ ಸುಮಾರು ನೂರು ಮಂದಿ ಮಂಗಳೂರಿಗೆ ಬಂದಿಳಿದರು. ಇತ್ತ ಹೈದರಾಬಾದಿನಲ್ಲಿ ರೇಮಾನನು ಕಟ್ಟಿದ್ದ ದೊಡ್ಡ ಪಡೆಯನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲಿಷರು ನಿಶ್ಶಸ್ತ್ರಗೊಳಿಸಿದರು. ೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ೧೮೦೦ರಲ್ಲಿ ನಿಜಾಮನು ಬಳ್ಳಾರಿಯೇ ಮೊದಲಾದ ಪ್ರದೇಶಗಳನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲಗಳೆಂಬ ಹೆಸರು ಬಂದುದು ಆಗಲೇ.

ಹೀಗೆ ೧೭೫೧ರಿಂದ ೧೭೯೯ರವರೆಗಿನ ಸುಮಾರು ಅರ್ಧ ಶತಮಾನ ನಮ್ಮ ಶೋಧದ ಅವಧಿ. ಮನೆಯ ಲೆಕ್ಕದಂತೆ ಮೂಲಪುರುಷನು ೧೮೫೦ರ ಸುಮಾರಿನವನೆಂದು ತೋರಿದರೆ, ಅವನು ಈ ಪಡೆಗಳವನಾಗಿರಲಾರನು. ಆ ಕಾಲದಲ್ಲಿ ಬಳ್ಳಾರಿಯಲ್ಲಿದ್ದುದು ಇಂಗ್ಲಿಷರ ದಂಡುಪ್ರದೇಶ. ಅಲ್ಲಿದ್ದ ಸೋಜರರಲ್ಲಿ ಇಂಗ್ಲಿಷರೂ ಐರಿಷರೂ ಇದ್ದರು. ಕಾಲವೊಂದನ್ನು ಸರಿಯಾಗಿ ಗುರುತಿಸಿದರೆ ಅನೇಕ ಐತಿಹ್ಯಗಳು ತಾವಾಗಿಯೇ ಇತ್ಯರ್ಥವಾಗುತ್ತವೆ.

೨. ಶಬ್ದದ ಪರೀಕ್ಷೆ

ಎರಡನೆಯದಾಗಿ ಮನೆಯವರು ಬಳಸುವ ಶಬ್ದವನ್ನು ಗಮನಿಸಬೇಕು. "ಫಿರಂಗಿಯವನು" ಎಂಬ ಮಾತು ಫ್ರೆಂಚನೆಂಬುದಕ್ಕೆ ಸಾಕ್ಷ್ಯವಲ್ಲ. ಯೂರೋಪಿಯನರನ್ನೆಲ್ಲ ಕುರಿತು ಪಾರಸಿಯಲ್ಲಿ ಬಳಕೆಯಲ್ಲಿದ್ದ ಶಬ್ದವು ನಮ್ಮಲ್ಲಿಗೆ ಬಂದು ಪೋರ್ಚುಗೀಸರಿಗೂ ಇಂಗ್ಲಿಷರಿಗೂ ಸಮಾನವಾಗಿ ಅನ್ವಯವಾಯಿತು. ಅಮೆರಿಕಾ ಖಂಡದಿಂದ ಬಂದ ಹಣ್ಣು ಪರಂಗಿಹಣ್ಣಾಯಿತು. ಹೊರಗಿನಿಂದ ಬಂದಿತೆಂದು ಭಾವಿಸಿದ ವ್ಯಾಧಿ ಫಿರಂಗಿ ರೋಗವಾಯಿತು. ಯೂರೋಪಿಯನರ ತೋಪು ಫಿರಂಗಿಯೇ ಆಯಿತು. ಆದುದರಿಂದ ಒಂದು ಮನೆತನಕ್ಕೆ ಫಿರಂಗಿಯೆಂಬ ಅಡ್ಡಹೆಸರಿದ್ದರೆ, ಆ ಮನೆಯ ಹಿರಿಯನು ತೋಪುಖಾನೆಯ ಚಾಕರಿಯಲ್ಲಿದ್ದನೆಂದು ಅರ್ಥವಾಗುವುದೂ ಸಾಧ್ಯ. ಫ್ರೆಂಚರನ್ನೇ ಬೇರೆಯಾಗಿ ಹೇಳಬೇಕಾದಾಗ ಪಾರಸಿ, ಮರಾಠಿ ಪತ್ರಗಳಲ್ಲಿ ಬರುವ ಶಬ್ದ "ಫರಾಸೀಸ". ಮನೆಯ ಹಳೆಯ ಕಾಗದದಲ್ಲಿ ಈ ಶಬ್ದ ದೊರೆತರೆ ಅದರ ಬೆಲೆ ಹೆಚ್ಚು.

ಇದರಂತೆಯೇ "ಗಾರ್ದಿ" ಎಂಬ ಶಬ್ದವನ್ನೂ ಪರಿಶೀಲಿಸಬೇಕು. ಯೂರೋಪಿನ ಪದ್ಧತಿಯಲ್ಲಿ ಕವಾಯತು ಕಲಿತ ದೇಶೀಯ ಕಾಲಾಳುಗಳಿಗೆ ಈ ಹೆಸರು. ಇದರ ಮೂಲ ಕಾವಲು ಎಂಬರ್ಥದ ಫ್ರೆಂಚ್ ಶಬ್ದವೆಂದು ಸಾಮಾನ್ಯವಾಗಿ ಹೇಳುತ್ತಾರೆ. ೧೭೬೧ರ ಪಾಣಿಪತ್ತಿನ ಯುದ್ಧದಲ್ಲಿ ಮರಾಠರ ಪಕ್ಷದಲ್ಲಿ ಹೋರಾಡಿದ ಇಬ್ರಾಹಿಂ ಖಾನ್ ಗಾರ್ದಿಯು ಬುಸ್ಸಿಯ ಕೈಕೆಳಗೆ ಪಳಗಿದವನು.

ಇದರಿಂದ ಒಂದು ಮುಖ್ಯವಾದ ವಿಭಾಗ ಸ್ಪಷ್ಟವಾಗುತ್ತದೆ. ಫ್ರೆಂಚರ ಸಿಪಾಯಿ ಎಂದರೆ ಮೂವರಲ್ಲಿ ಒಬ್ಬನಾಗಿರಬಹುದು. ಫ್ರಾನ್ಸಿನಿಂದ ಬಂದವನು ಮೊದಲನೆಯವನು. ಫ್ರೆಂಚರ ಪಡೆಗಳಲ್ಲಿ ಜರ್ಮನರೂ ಸ್ವಿಸ್ಸರೂ ಇದ್ದರೆಂಬುದನ್ನು ಇಲ್ಲಿ ಮರೆಯಬಾರದು. ಪೋರ್ಚುಗೀಸ್ ಹೆಸರನ್ನು ಧರಿಸಿದ ಮಿಶ್ರಸಂತತಿಯ ಅಥವಾ ದೇಶೀಯ ಕ್ರೈಸ್ತ, ಅಂದರೆ ತೊಪಾಸನೆಂದು ಕರೆಯಲ್ಪಡುತ್ತಿದ್ದವನು ಎರಡನೆಯವನು. ಫ್ರೆಂಚರ ಸಂಬಳವನ್ನು ತಿಂದ ನಮ್ಮ ನಾಡಿನ ಸಿಪಾಯಿ ಮೂರನೆಯವನು. ಸಂಖ್ಯೆಯಲ್ಲಿ ಮೂರನೆಯ ವರ್ಗದವರೇ ಅಧಿಕ. ಹೀಗಿರಲು, "ಫ್ರೆಂಚರ ಸಿಪಾಯಿಯ ವಂಶ" ಎಂಬ ಮಾತು ಅಕ್ಷರಶಃ ಸತ್ಯವಾಗಿದ್ದೂ, ಆ ಮೂಲಪುರುಷನು ಸಮುದ್ರವನ್ನೇ ಕಾಣದ ಕನ್ನಡಿಗನಾಗಿರಬಹುದು. ಇದರಿಂದ ಮನೆತನದ ಗೌರವಕ್ಕೆ ಕುಂದಿಲ್ಲ; ವಂಶಾವಳಿ ಮಾತ್ರ ಬೇರೆಯಾಗುತ್ತದೆ.

೩. ಬಳ್ಳಾರಿ ಕೋಟೆಯ ಇಂಜಿನಿಯರು

ಐತಿಹ್ಯವನ್ನು ಬಿಡಿಸಿ ನೋಡುವ ಕ್ರಮಕ್ಕೆ ಬಳ್ಳಾರಿಯ ಪ್ರಸಿದ್ಧ ಕಥೆಯೇ ಒಳ್ಳೆಯ ಉದಾಹರಣೆ. ಹೈದರನು ಬಳ್ಳಾರಿಯನ್ನು ಹಿಡಿದ ಮೇಲೆ ಒಬ್ಬ ಫ್ರೆಂಚ್ ಇಂಜಿನಿಯರನಿಂದ ಮೇಲುಕೋಟೆಯನ್ನು ಬಲಪಡಿಸಿ ಕೆಳಕೋಟೆಯನ್ನು ಕಟ್ಟಿಸಿದನು. ಕೆಲಸ ಮುಗಿದ ಮೇಲೆ ಎದುರಿನ ಕುಂಬಾರಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿರುವುದು ಕಂಡುಬಂದಿತು. ಶತ್ರುವಿನ ತೋಪಿಗೆ ಎಡೆಮಾಡಿಕೊಟ್ಟನೆಂದು ಕೋಪಗೊಂಡ ಹೈದರನು ಇಂಜಿನಿಯರನನ್ನು ಗಲ್ಲಿಗೇರಿಸಿದನು. ಇದು ಕಥೆ. ಕೋಟೆಯ ಪೂರ್ವದ ಬಾಗಿಲ ಬಳಿಯ ಒಂದು ಗೋರಿಯನ್ನು ಅವನದೆಂದು ತೋರಿಸುತ್ತಾರೆ. ಅದೇ ಗೋರಿಯನ್ನು ಮುಸ್ಲಿಂ ಸಂತನೊಬ್ಬನದೆಂದು ನಂಬುವವರೂ ಇದ್ದಾರೆ.

ಈ ಕಥೆಯಲ್ಲಿ ನಾಲ್ಕು ಬೇರೆ ಬೇರೆ ಹೇಳಿಕೆಗಳು ಹೆಣೆದುಕೊಂಡಿವೆ. ಹೈದರನು ಕೋಟೆಯನ್ನು ಹಿಡಿದುದು ಇತಿಹಾಸ. ಕುಂಬಾರಗುಡ್ಡದ ಎತ್ತರವು ಕಣ್ಣಿಗೆ ಕಾಣುವ ಸಂಗತಿ. ಫ್ರೆಂಚನೊಬ್ಬನು ಕೋಟೆಯ ಕೆಲಸವನ್ನು ಮಾಡಿಸಿದನೆಂಬುದು ಆ ಕಾಲದ ರೀತಿಗೆ ಹೊಂದುವ, ಸಂಭವನೀಯವಾದ ಮಾತು. ಅವನನ್ನು ಗಲ್ಲಿಗೇರಿಸಿದರೆಂಬುದು ಮಾತ್ರ ಬೇರೆ ಜಾತಿಯದು. ಕಟ್ಟಿದವನನ್ನೇ ಅರಸನು ಕೊಲ್ಲಿಸಿದನೆಂಬ ಕಥೆಯನ್ನು ಅನೇಕ ದೇಶಗಳಲ್ಲಿ ಅನೇಕ ಕಟ್ಟಡಗಳ ಬಗೆಗೆ ಹೇಳುತ್ತಾರೆ. ಇಲ್ಲಿ ಎರಡು ಗುಡ್ಡಗಳ ಎತ್ತರವೇ ಆ ಕಥೆಯನ್ನು ಬೇಡುವಂತಿದೆ. ಎಲ್ಲಕ್ಕಿಂತ ಮಿಗಿಲಾಗಿ, ಐತಿಹ್ಯವು ಈ ಇಂಜಿನಿಯರನಿಗೆ ಹೆಸರನ್ನೇ ಕೊಡುವುದಿಲ್ಲ. ಹೆಸರಿಲ್ಲದವನಿಗೆ ವಂಶವನ್ನು ಜೋಡಿಸುವುದು ಬಹು ಸುಲಭ. ಅದನ್ನು ಅಲ್ಲಗಳೆಯುವುದೂ ಅಸಾಧ್ಯ. ಆದುದರಿಂದಲೇ ಅಂತಹ ಜೋಡಣೆಗೆ ಪ್ರಮಾಣದ ಬೆಲೆಯಿಲ್ಲ.

ಹೆಸರಿದ್ದರೂ ಎಚ್ಚರ ಅಗತ್ಯ. ಮೇಲೆ ಹೇಳಿದ ಲಾಲಿಯನ್ನೇ ನೋಡಬಹುದು. ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಕೌಂಟ್ ಲಾಲಿ ಪುದುಚೇರಿಯನ್ನು ಕಳೆದುಕೊಂಡ ಸೇನಾಪತಿ. ಅವನಿಗೆ ೧೭೬೬ರ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ ಶಿರಚ್ಛೇದವಾಯಿತು. ೧೭೭೫ರಲ್ಲಿ ಬಳ್ಳಾರಿಯನ್ನು ಮುತ್ತಿದ ಲಾಲಿಯು ಬೇರೊಬ್ಬನೆಂಬುದು ಇದರಿಂದಲೇ ಸಿದ್ಧ. ಫ್ರೆಂಚ್ ಲಿಪಿಯಲ್ಲಿ ಈ ಇಬ್ಬರ ಹೆಸರುಗಳ ಅಕ್ಷರಗಳು ಬೇರೆ. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗುತ್ತವೆ. ಇಷ್ಟು ಪ್ರಸಿದ್ಧರ ವಿಷಯದಲ್ಲಿಯೇ ಹೀಗಾದರೆ ಸಾಮಾನ್ಯ ಸೈನಿಕನ ವಿಷಯದಲ್ಲಿ ಹೇಳತಕ್ಕದ್ದೇನು?

೪. ಫ್ರಾನ್ಸಿನ ಕಡೆಯ ದಾಖಲೆಗಳು

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಸೈನಿಕರ ಪಟ್ಟಿಗಳನ್ನು ಬಹಳ ಶ್ರದ್ಧೆಯಿಂದ ಇಡುತ್ತಿದ್ದರು. ಓಡಿಹೋದವರನ್ನು ಹಿಡಿಯುವ ಉದ್ದೇಶದಿಂದ ೧೭೧೬ರಲ್ಲಿ ಹೊರಟ ಆಜ್ಞೆಯಂತೆ ಪ್ರತಿ ಸೈನಿಕನ ಹೆಸರು, ಹುಟ್ಟಿದ ಊರು, ವಯಸ್ಸು, ಎತ್ತರ, ಮುಖಲಕ್ಷಣಗಳನ್ನು ಬರೆದಿಡಬೇಕಾಗಿದ್ದಿತು. ಫ್ರಾನ್ಸಿನ ದೊರೆಯ ಸೈನ್ಯದ ಪಟ್ಟಿಗಳು ಪ್ಯಾರಿಸಿನ ಪಕ್ಕದ ವ್ಯಾಂಸೆನ್ ಎಂಬಲ್ಲಿರುವ ಸೇನಾ ಇತಿಹಾಸದ ಭಂಡಾರದಲ್ಲಿವೆ. ವಸಾಹತುಗಳಲ್ಲಿದ್ದ ಪಡೆಗಳ ಪಟ್ಟಿಗಳು ದಕ್ಷಿಣ ಫ್ರಾನ್ಸಿನ ಏಕ್ಸ್ ನಗರದ ಸಾಗರೋತ್ತರ ದಾಖಲೆಗಳ ಭಂಡಾರದಲ್ಲಿ ದೊರೆಯುತ್ತವೆ. ೧೬೬೪ರಲ್ಲಿ ಸ್ಥಾಪಿತವಾದ ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಪಟ್ಟಿಗಳು ಲೋರಿಯಾಂ ಬಂದರಿನಲ್ಲಿ ಉಳಿದಿವೆ. ಯಾವ ಹಡಗಿನಲ್ಲಿ ಯಾರು ಹೊರಟರು, ಯಾರು ದಾರಿಯಲ್ಲಿ ಸತ್ತರು, ಯಾರು ಎಲ್ಲಿ ಇಳಿದರು ಎಂಬುದು ಅವುಗಳಲ್ಲಿ ಕಾಣುತ್ತದೆ. ಇವುಗಳಲ್ಲಿ ಬಹುಭಾಗವನ್ನು ಇಂದು ಫ್ರಾನ್ಸಿನ ರಕ್ಷಣಾ ಇಲಾಖೆಯ ಜಾಲತಾಣದ ಮೂಲಕ ಇಲ್ಲಿಯೇ ಕುಳಿತು ನೋಡಬಹುದಾಗಿದೆ.

ಇದಲ್ಲದೆ, ೧೭೭೬ರ ರಾಜಶಾಸನದಂತೆ ವಸಾಹತುಗಳ ಜನನ, ವಿವಾಹ, ಮರಣಗಳ ದಾಖಲೆಗಳ ಪ್ರತಿಯೊಂದನ್ನು ಫ್ರಾನ್ಸಿಗೆ ಕಳುಹಿಸತಕ್ಕದ್ದೆಂದು ಗೊತ್ತಾಯಿತು. ಪುದುಚೇರಿಯ ದಾಖಲೆಗಳು ೧೬೭೬ರಿಂದ ದೊರೆಯುತ್ತವೆ. ೧೯೧೧ರಲ್ಲಿ ಪುದುಚೇರಿಯಲ್ಲಿ ಫ್ರೆಂಚ್ ಭಾರತದ ಇತಿಹಾಸ ಸಂಘವನ್ನು ಸ್ಥಾಪಿಸಿದ ಆಲ್ಫ್ರೆದ್ ಮಾರ್ತಿನೋ ಅವುಗಳ ಸಾರವನ್ನು ಅಚ್ಚುಮಾಡಿಸಿದನು.

ಈ ಪಟ್ಟಿಗಳನ್ನು ನೋಡುವವರು ಎರಡು ವಿಷಯಗಳನ್ನು ನೆನಪಿನಲ್ಲಿಡಬೇಕು. ಒಂದು: ಆ ಕಾಲದ ಫ್ರೆಂಚ್ ಸೈನಿಕನಿಗೆ ತಂದೆಯ ಮನೆಯ ಹೆಸರಲ್ಲದೆ ಪಡೆಯಲ್ಲಿ ಬೇರೊಂದು ಅಡ್ಡಹೆಸರಿರುತ್ತಿತ್ತು. ಹೂವು ಎಂಬರ್ಥದ "ಲ ಫ್ಲರ್", ಚಿಂತೆಯಿಲ್ಲದವನು ಎಂಬರ್ಥದ "ಸಾಂ ಸೂಸಿ" ಮೊದಲಾದವು ಅಂತಹವು. ಜೊತೆಗಾರರು ಕರೆಯುತ್ತಿದ್ದುದು ಈ ಹೆಸರಿನಿಂದ. ಹೆಂಡತಿ ಮಕ್ಕಳ ನೆನಪಿನಲ್ಲಿ ಉಳಿದಿದ್ದರೆ ಉಳಿಯತಕ್ಕದ್ದೂ ಇದೇ. ಒಂದೇ ಅಡ್ಡಹೆಸರು ನೂರಾರು ಮಂದಿಗಿದ್ದುದರಿಂದ ಅದೊಂದರಿಂದಲೇ ವ್ಯಕ್ತಿಯನ್ನು ಗುರುತಿಸಲಾಗದು.

ಎರಡು: ದೇಶೀಯ ಅರಸನ ಸೇವೆಗೆ ತಾನಾಗಿ ಹೋದ ಸಿಪಾಯಿಯು ಫ್ರೆಂಚರ ದೃಷ್ಟಿಯಲ್ಲಿ ಓಡಿಹೋದವನು. ಅವನ ಹೆಸರಿನ ಮುಂದೆ ಅಷ್ಟನ್ನೇ ಬರೆದು ಗೆರೆಯೆಳೆಯುತ್ತಿದ್ದರು. ಅವನು ಆದವಾನಿಗೆ ಬಂದನೆ, ಶ್ರೀರಂಗಪಟ್ಟಣಕ್ಕೆ ಹೋದನೆ, ಯಾರ ಕೈ ಹಿಡಿದನು, ಎಲ್ಲಿ ಮಣ್ಣಾದನು, ಇದೊಂದೂ ಪಟ್ಟಿಗೆ ತಿಳಿಯದು. ಪುದುಚೇರಿಯ ಚರ್ಚಿನ ದಾಖಲೆಯೂ ಆ ಊರಿನ ಎಲ್ಲೆಯನ್ನು ದಾಟಿ ಹೋದವನನ್ನು ಹಿಂಬಾಲಿಸುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ೧೭೯೭ರಲ್ಲಿ ಸೇರಿದ್ದ ಫ್ರೆಂಚರ ಹೆಸರುಗಳ ಪಟ್ಟಿಯೊಂದು ೧೭೯೯ರಲ್ಲಿ ಇಂಗ್ಲಿಷರ ಕೈಸೇರಿ ಅಚ್ಚಾಯಿತೆಂಬುದು ನಿಜ. ಅಂತಹ ಪಟ್ಟಿಗಳು ವಿರಳ. ಟಿಪ್ಪುವಿನ ಮೇಲಿನ ಯುದ್ಧವನ್ನು ಸಮರ್ಥಿಸಿಕೊಳ್ಳಲು ಪ್ರಕಟಿಸಿದ ಪತ್ರಗಳೊಡನೆ ಅದು ಬಂದಿತೆಂಬುದನ್ನೂ ಮರೆಯಬಾರದು.

೫. ನಮ್ಮ ನೆಲದ ದಾಖಲೆಗಳು

ಗಾದಿಗನೂರಿನ ಒಂದು ಮನೆಯಲ್ಲಿ ಇಂತಹ ಐತಿಹ್ಯವಿದೆಯೆಂದು ಭಾವಿಸೋಣ. ಶೋಧಕನು ಎಲ್ಲಿಂದ ಪ್ರಾರಂಭಿಸಬೇಕು? ಲೋರಿಯಾಂನಿಂದಲ್ಲ, ಆ ಮನೆಯ ಜಗಲಿಯಿಂದ. ಇಂದು ಬದುಕಿರುವ ಹಿರಿಯರಿಂದ ಹಿಡಿದು ಒಂದೊಂದೇ ತಲೆಮಾರಿನಂತೆ ಹಿಂದಕ್ಕೆ ಹೋಗಬೇಕು. ಪ್ರತಿ ಮೆಟ್ಟಿಲಿಗೂ ಒಂದು ಕಾಗದವನ್ನು ಹುಡುಕಬೇಕು.

ಇಲ್ಲಿ ಆಡಳಿತದ ಗಡಿಗಳು ಬದಲಾದ ಕಥೆಯನ್ನು ತಿಳಿದಿರುವುದು ಅವಶ್ಯಕ. ಬಳ್ಳಾರಿ ಜಿಲ್ಲೆ ೧೮೦೦ರಿಂದ ಮದರಾಸಿನ ಆಡಳಿತದಲ್ಲಿದ್ದು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿತು. ಆದುದರಿಂದ ಹಳೆಯ ಜಿಲ್ಲಾ ದಾಖಲೆಗಳನ್ನು ಅರಸಲು ಚೆನ್ನೈನ ದಾಖಲೆ ಭಂಡಾರಕ್ಕೆ ಹೋಗಬೇಕಾಗುತ್ತದೆ. ಅದೇ ದಿನ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸೊಂಡೂರು ೧೯೪೯ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದುದರಿಂದ ಅಲ್ಲಿಯ ಕಾಗದಗಳ ದಾರಿ ಬೇರೆ. ೨೦೨೧ರಲ್ಲಿ ಹೊಸಪೇಟೆ ತಾಲ್ಲೂಕು ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಸೊಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಹೀಗೆ ಪಕ್ಕಪಕ್ಕದ ಊರುಗಳ ಮನೆಗಳ ದಾಖಲೆಗಳು ಬೇರೆ ಬೇರೆ ಕಡೆ ಚದರಿವೆ.

ಹುಡುಕತಕ್ಕ ದಾಖಲೆಗಳಲ್ಲಿ ಮೊದಲನೆಯದು ಇನಾಮು ದಾಖಲೆ. ಸೇವೆಗಾಗಿ ಭೂಮಿಯನ್ನು ಪಡೆದ ಮನೆಯಾದರೆ, ೧೮೫೮ರ ಅನಂತರ ಮದರಾಸು ಸರ್ಕಾರವು ನಡೆಸಿದ ಇನಾಮು ತನಿಖೆಯ ದಫ್ತರಿನಲ್ಲಿ ದಾನ ಕೊಟ್ಟವನಾರು, ಪಡೆದವನಾರು, ಆಗ ಅನುಭವಿಸುತ್ತಿದ್ದವನಾರು ಎಂಬ ವಿವರ ದೊರೆಯಬಹುದು. ಎರಡನೆಯದು ಕೈಫಿಯತ್ತುಗಳು. ಕರ್ನಲ್ ಮೆಕೆಂಜಿಯು ದತ್ತಮಂಡಲಗಳ ಊರೂರಿನ ವೃತ್ತಾಂತಗಳನ್ನು ಬರೆಯಿಸಿಕೊಂಡನು. ಕನ್ನಡದ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಪ್ರಕಟಿಸಿದೆ. ಮೂರನೆಯದು ಗೋರಿಗಳ ಬರಹ: ಮದರಾಸು ಪ್ರಾಂತದಲ್ಲಿದ್ದ ಯೂರೋಪಿಯನರ ಗೋರಿಗಳ ಶಾಸನಗಳನ್ನು ಜೆ. ಜೆ. ಕಾಟನ್ ೧೯೦೫ರಲ್ಲಿ ಪಟ್ಟಿಮಾಡಿದ್ದಾನೆ. ನಾಲ್ಕನೆಯದು ಚರ್ಚಿನ ದಾಖಲೆ. ಇಂಗ್ಲಿಷರ ದಂಡಿನವನಾದರೆ ಮದರಾಸಿನ ಜ್ಞಾನಸ್ನಾನ, ವಿವಾಹ, ಸಮಾಧಿಗಳ ವಾರ್ಷಿಕ ಪಟ್ಟಿಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಫ್ರೆಂಚನಲ್ಲವೆಂದು ಸಿದ್ಧಪಡಿಸಲೂ ಈ ಪಟ್ಟಿ ಉಪಯುಕ್ತವಾಗುತ್ತದೆ.

೬. ತಾಯಂದಿರ ಹೆಸರು

ಇನ್ನೊಂದು ಅಂಶವನ್ನು ವಿಶೇಷವಾಗಿ ಹೇಳಬೇಕಾಗಿದೆ. ಅಂದು ಇಲ್ಲಿಗೆ ಬಂದ ಸಾಮಾನ್ಯ ಸೈನಿಕನು ಹೆಂಡತಿಯನ್ನು ಕರೆತಂದವನಲ್ಲ. ಅವನಿಗೆ ಇಲ್ಲಿ ಸಂತಾನವಾಗಿದ್ದರೆ ಅದರ ತಾಯಿ ಬಹುಮಟ್ಟಿಗೆ ಈ ನಾಡಿನವಳೇ. ಚರ್ಚಿನ ದಾಖಲೆಯಲ್ಲಿ ಅವಳು ಕಾಣಿಸಿಕೊಂಡರೂ ಜ್ಞಾನಸ್ನಾನದ ಹೆಸರಿನಿಂದ ಮಾತ್ರ ಕಾಣಿಸಿಕೊಳ್ಳುತ್ತಾಳೆ. ಮರಿಯಾ ಎಂದೋ ಅನ್ನಾ ಎಂದೋ ಬರೆದಿರುತ್ತದೆ. ಅವಳ ತಂದೆ ಯಾರು, ಊರು ಯಾವುದು, ಮೊದಲ ಹೆಸರು ಏನು ಎಂಬುದನ್ನು ಬರೆಯುವ ಅಗತ್ಯ ಬರೆದವನಿಗೆ ತೋರಲಿಲ್ಲ. ವಿವಾಹವೇ ದಾಖಲಾಗದಿದ್ದಲ್ಲಿ ಆ ಹೆಸರೂ ಇಲ್ಲ.

ಗಂಡನು ಯುದ್ಧದಲ್ಲಿ ಸತ್ತರೆ ಅಥವಾ ಪಡೆಯೊಡನೆ ಮುಂದೆ ಹೋದರೆ ಮಗುವನ್ನು ಸಾಕಿದವಳು ಆಕೆ. ಆ ಮಗು ಬೆಳೆದುದು ಆಕೆಯ ತವರಿನಲ್ಲಿ, ಆಕೆಯ ಭಾಷೆಯಲ್ಲಿ, ಅನೇಕ ವೇಳೆ ಆಕೆಯ ದೇವರ ಸನ್ನಿಧಿಯಲ್ಲಿ. ಹೀಗಿರುವಾಗ ಮಗುವಿಗೆ ಫ್ರೆಂಚ್ ಹೆಸರು ಉಳಿಯಬೇಕೆಂದು ನಿರೀಕ್ಷಿಸುವುದೇ ಸರಿಯಲ್ಲ. ತಂದೆಯ ವಿಚಾರ ನೆನಪಿನಲ್ಲಿ ಉಳಿದು ಬಂದುದಾದರೆ ಅದನ್ನು ಉಳಿಸಿದವರು ಈ ತಾಯಂದಿರೇ. ಆದುದರಿಂದ ಐತಿಹ್ಯವನ್ನು ಸಂಗ್ರಹಿಸುವವನು ಮನೆಯ ಗಂಡಸರನ್ನು ಮಾತ್ರ ವಿಚಾರಿಸಿ ಹಿಂದಿರುಗಬಾರದು. ಆ ಮನೆಯಿಂದ ಹೊರಗೆ ಕೊಟ್ಟ ಹೆಣ್ಣುಮಕ್ಕಳ ಮನೆಗಳಿಗೂ ಹೋಗಬೇಕು. ಗಂಡಸರು ಮರೆತುದು ಅಲ್ಲಿ ಉಳಿದಿರುವುದು ಅಪರೂಪವಲ್ಲ.

೭. ರಕ್ತಪರೀಕ್ಷೆ ಮತ್ತು ಲೆಕ್ಕ

ಈಚೆಗೆ ಅನುವಂಶಿಕ ಪರೀಕ್ಷೆಗಳಿಂದಲೇ ಎಲ್ಲವೂ ತಿಳಿಯುತ್ತದೆಂಬ ಭಾವನೆ ಹರಡಿದೆ. ೧೭೭೫ರಿಂದ ಇಂದಿನವರೆಗೆ ಸುಮಾರು ೨೫೦ ವರ್ಷ. ತಲೆಮಾರಿಗೆ ೨೫ರಿಂದ ೩೦ ವರ್ಷವೆಂದರೆ ಎಂಟರಿಂದ ಹತ್ತು ತಲೆಮಾರು. ಎಂಟು ತಲೆಮಾರುಗಳ ಹಿಂದೆ ಒಬ್ಬನಿಗೆ ೨೫೬ ಪೂರ್ವಿಕರ ಸ್ಥಾನಗಳಿರುತ್ತವೆ, ಹತ್ತಾದರೆ ೧,೦೨೪. ಅವರಲ್ಲಿ ಫ್ರೆಂಚನು ಒಬ್ಬ. ಅವನಿಂದ ಬಂದಿರಬಹುದಾದ ಅಂಶವು ಸರಾಸರಿಯಲ್ಲಿ ನೂರಕ್ಕೆ ಅರ್ಧದಷ್ಟೂ ಇಲ್ಲ. ತಂದೆಯಿಂದ ಮಗನಿಗೆ ಕಡಿಯದೆ ಬಂದ ವಂಶವಾದರೆ ಗಂಡಸರಲ್ಲಿ ಮಾತ್ರ ಇರುವ ವರ್ಣತಂತುವಿನ ಪರೀಕ್ಷೆಯಿಂದ ಮೂಲಪುರುಷನು ಯೂರೋಪಿನವನಾಗಿರಬಹುದೆಂಬ ಸೂಚನೆ ಸಿಕ್ಕೀತು. ಅವನು ಫ್ರೆಂಚನೋ ಐರಿಷನೋ, ಲಾಲಿಯ ಪಡೆಯವನೋ ಬಳ್ಳಾರಿ ದಂಡಿನವನೋ ಎಂಬುದನ್ನು ಅದು ಹೇಳಲಾರದು. ನಡುವೆ ಒಬ್ಬ ಮಗಳಿಂದ ವಂಶ ಮುಂದುವರಿದಿದ್ದರೆ ಆ ಸೂಚನೆಯೂ ಇಲ್ಲ.

೮. ನಿರ್ಣಯದ ಕ್ರಮ

ಮೇಲಿನ ವಿವೇಚನೆಯಿಂದ, ಇಂತಹ ಶೋಧದ ಫಲವನ್ನು ಮೂರು ದರ್ಜೆಗಳಲ್ಲಿ ಬರೆದಿಡುವುದು ಯುಕ್ತವೆಂದು ನಮಗೆ ತೋರುತ್ತದೆ. ಇಲ್ಲಿಯ ಕಾಗದವೂ ಅಲ್ಲಿಯ ಕಾಗದವೂ ಹೆಸರು, ಕಾಲ, ಸ್ಥಳ ಈ ಮೂರರಲ್ಲಿಯೂ ಕೂಡಿಕೊಂಡರೆ ಅದು ನಿಶ್ಚಿತ. ತಲೆಮಾರುಗಳ ಸರಣಿ ಮೇಲೆ ಹೇಳಿದ ಅರ್ಧ ಶತಮಾನವನ್ನು ಮುಟ್ಟಿ, ಕಾಲಸ್ಥಳಗಳು ಹೊಂದಿ, ಹೆಸರು ಮಾತ್ರ ಸಿಕ್ಕದಿದ್ದರೆ ಅದು ಸಂಭವನೀಯ. ಸರಣಿ ನಡುವೆಯೇ ಕಡಿದರೆ ಅದು ಐತಿಹ್ಯ. ಒಂದನ್ನು ಇನ್ನೊಂದರ ಸ್ಥಾನದಲ್ಲಿ ಬರೆಯಬಾರದು. ಐತಿಹ್ಯವೆಂದು ಬರೆದುದರಿಂದ ಅದು ಸುಳ್ಳೆಂದಾಗುವುದಿಲ್ಲ. ಮುಂದಿನವರಿಗೆ ಶೋಧದ ದಾರಿ ತೆರೆದಿರುತ್ತದೆ. ನಿಶ್ಚಿತವೆಂದು ತಪ್ಪಾಗಿ ಬರೆದರೆ ಆ ದಾರಿ ಮುಚ್ಚಿಹೋಗುತ್ತದೆ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಿ ತಮ್ಮ ತಮ್ಮ ಊರುಗಳಲ್ಲಿ ಒಂದೊಂದು ಮನೆಯ ವಂಶಾವಳಿಯನ್ನು, ಹೇಳಿದವರ ವಯಸ್ಸು ಮತ್ತು ಹೇಳಿದ ದಿನಾಂಕ ಸಹಿತವಾಗಿ, ಅವರ ಮಾತಿನಲ್ಲಿಯೇ ಬರೆದುಕೊಂಡರೆ ಈ ಕಾರ್ಯಕ್ಕೆ ಭದ್ರವಾದ ತಳಹದಿ ದೊರೆಯುತ್ತದೆ. ವ್ಯಾಂಸೆನ್ನಿನ ಪಟ್ಟಿಗಳು ಮುಂದಿನ ನೂರು ವರ್ಷವೂ ಅಲ್ಲಿಯೇ ಇರುತ್ತವೆ. ನಮ್ಮ ಊರುಗಳ ಎಂಬತ್ತು ವರ್ಷದ ಅಜ್ಜಿಯರ ನೆನಪಿಗೆ ಅಷ್ಟು ಆಯುಷ್ಯವಿಲ್ಲವಾದುದರಿಂದ ಮೊದಲು ಮಾಡತಕ್ಕ ಕೆಲಸ ಅದೇ.